ಅಂಚಿನವರು ಮಧ್ಯಕ್ಕೆ ಬನ್ನಿ

ಮಾರ್ಚ್ 6, 2006, ಸೋಮವಾರ

ಈ ಡೈರಿ ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆಂದು ಇವರಿಗೆ ಕೊಟ್ಟದ್ದು. ಇವರು ಇದರಲ್ಲಿ ಒಂದಕ್ಷರ ಬರೆಯಲಿಲ್ಲ. ಜನವರಿ ಮುಗಿಯುವುದರೊಳಗೆ ಎದೆನೋವು ಎಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಖಾಲಿ ಡೈರಿಯನ್ನು ರದ್ದಿಗೆ ಹಾಕುವ ಅಭ್ಯಾಸ ನನಗಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಪ್ರತಿ ಪುಟದ ಕೆಳಗೆ ರೈತರಿಗೊಂದು ಸಲಹೆ ಅಚ್ಚಾಗಿದೆ. ಇವತ್ತಿನದು ತೆಂಗಿನ ನುಸಿಗೆ ಬೇವಿನೆಣ್ಣೆ. ನಮಗಿರುವುದು ತುಮಕೂರು ಹೊರಪೇಟೆಯಲ್ಲಿ ಒಂದು ಮನೆ, ಅದರ ಮುಂದಿನ ಕೋಣೆಯಲ್ಲಿ ‘ಕಾಂತೇಶ್ ವಿಡಿಯೋಸ್’. ತೆಂಗಿನ ಮರ ಒಂದೂ ಇಲ್ಲ.

ಮೈದುನ ರಂಗರಾಜು ಬಂದಿದ್ದ. ಬ್ಯಾಂಕಿನಲ್ಲಿ ಕೆಲಸ, ಮನೆಯಲ್ಲೂ ಕೌಂಟರಿನ ಹಿಂದೆ ಕೂತವನ ಹಾಗೇ ಮಾತಾಡುತ್ತಾನೆ. ಕ್ಯಾಮೆರಾ, ಕಂಪ್ಯೂಟರು, ಲೈಟು ಎಲ್ಲ ಒಟ್ಟಿಗೆ ತಗೊಳ್ಳುವ ಪಾರ್ಟಿ ಶಿರಾ ಗೇಟಿನಲ್ಲಿ ಸಿಕ್ಕಿದೆಯಂತೆ.

“ಇಟ್ಕೊಂಡು ಏನ್ ಮಾಡ್ತೀರಾ ಅತ್ತಿಗೆ? ಮದ್ವೆ ಮನೆಗೆ ನೀವು ಹೋಗೋಕಾಗ್ತದಾ?” ಎಂದ. ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿ, ಕಾಫಿ ಲೋಟದೊಳಗೆ ನೋಡುತ್ತಾ ಕೂತ.

ಗಂಡ ಹೋದವಳು ಮುಹೂರ್ತದ ಹೊತ್ತಿನಲ್ಲಿ ಮಂಟಪದ ಎದುರು ನಿಂತರೆ ಯಾರಿಗೂ ಹಿಡಿಸುವುದಿಲ್ಲ ಎಂದು ನನಗೂ ಗೊತ್ತು. ನನಗೆ ಮೊದಲಿನಿಂದಲೂ ಮದುವೆ ಮನೆಗಳೆಂದರೆ ಅಷ್ಟಕ್ಕಷ್ಟೆ, ಹಾಗಾಗಿ ನಷ್ಟವೇನಿಲ್ಲ. ಇವರು ಶೂಟಿಂಗ್ ಮುಗಿಸಿ ಎಡಿಟಿಂಗ್ ಮಾಡದೆ ಬಿಟ್ಟ ಮದುವೆಗಳು ಮೂರಿವೆ. ಅವನ್ನು ಮುಗಿಸಿಕೊಟ್ಟು ಎಲ್ಲ ಮಾರಿಬಿಡೋಣ ಎಂದೆ. ಮದುವೆಗೆ ಮುಂಚೆ ನಾನು ಟೈಪಿಂಗ್ ಕಲಿಸುತ್ತಿದ್ದವಳು. ಕಂಪ್ಯೂಟರಿಗೆ ಹೆದರುವುದಿಲ್ಲ.

ಮಾರ್ಚ್ 9, ಗುರುವಾರ

ಇವರು ಇಷ್ಟು ಮಾತಾಡುತ್ತಿದ್ದರೆಂದು ಗೊತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕದಿದ್ದರೂ ಸುಮ್ಮನೆ ಉಂಡು ಏಳುತ್ತಿದ್ದ ಮನುಷ್ಯ, ಟೇಪಿನಲ್ಲಿ ಬಾಯಿ ಮುಚ್ಚುವುದೇ ಇಲ್ಲ. “ಅಣ್ಣ, ಒಸಿ ನಗಿ, ಅದಕ್ಕೇನು ಟ್ಯಾಕ್ಸ್ ಇಲ್ಲ.” “ಸ್ವಾಮಿ, ನಿಮ್ ಬೆನ್ನು ಚೆನ್ನಾಗೈತೆ, ಆದ್ರೆ ಹಿಂದೆ ಮದುಮಗಳೂ ಅವ್ಳೆ.” ಇಷ್ಟೆಲ್ಲ ಮಾತಾಡಿದವರು ಒಂದು ಕಡೆಯೂ ಕಾಣುವುದಿಲ್ಲ. ಕಾಣುವುದು ಹೇಗೆ, ಕ್ಯಾಮೆರಾ ಅವರ ಕೈಯಲ್ಲಿತ್ತು.

ವಿಡಿಯೋದವನ ಧ್ವನಿ ಇದ್ದರೆ ಗಿರಾಕಿಗಳಿಗೆ ಆಗುವುದಿಲ್ಲ. ಇವರೂ ತಮ್ಮ ಮಾತನ್ನು ತಾವೇ ಕತ್ತರಿಸುತ್ತಿದ್ದರು. ನಾನೂ ಅದನ್ನೇ ಮಾಡಿದೆ: ಧ್ವನಿ ಬಂದ ಕಡೆ ಗುರುತು ಹಾಕುವುದು, ಕತ್ತರಿಸುವುದು, ಮೇಲೆ ನಾದಸ್ವರ ಹಾಕುವುದು. ಬೇಸರದ ಕೆಲಸ.

ಬೆಳಿಗ್ಗೆಯಿಂದ ಅತ್ತೆ ಪುಟ್ಟತಾಯಮ್ಮ ಮೊರ ಹಿಡಿದುಕೊಂಡು ಸ್ಟುಡಿಯೋದ ಬಾಗಿಲಲ್ಲಿ ಕೂತಿದ್ದರು. ಅಡುಗೆಮನೆಯಲ್ಲಿ ಬೆಳಕಿಲ್ಲವಂತೆ. ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಊಟದ ಹೊತ್ತಿನ ತನಕ ಏಳಲಿಲ್ಲ. ಆ ಅಕ್ಕಿಯನ್ನು ನಾನು ನಿನ್ನೆಯೇ ಆರಿಸಿಟ್ಟಿದ್ದೆ.

ಮಾರ್ಚ್ 15, ಬುಧವಾರ

ಕೊತ್ತಗೆರೆಯವರ ಮದುವೆ ಮುಗಿಯಿತು, ಡಿವಿಡಿ ಮಾಡಿದೆ. ಕ್ಯಾಸೆಟ್ಟಿಗೆ ಇಲ್ಲದ ಒಂದು ವಿಶೇಷ ಡಿವಿಡಿಗೆ ಇದೆ, ಅದರ ಹೆಸರು ಮೆನು. ಡಿಸ್ಕ್ ಹಾಕಿದ ಕೂಡಲೇ ಟಿವಿಯಲ್ಲಿ ಒಂದು ಚಿತ್ರ ಬಂದು ನಿಲ್ಲುತ್ತದೆ. ಅದರ ಮೇಲೆ ಮುಹೂರ್ತ, ಆರತಕ್ಷತೆ, ಬೀಗರೂಟ ಎಂದು ಬಟನ್ನುಗಳು. ರಿಮೋಟಿನಲ್ಲಿ ಯಾವುದನ್ನು ಒತ್ತುತ್ತೀರೋ ಆ ಭಾಗ ಶುರುವಾಗುತ್ತದೆ. ಒತ್ತದಿದ್ದರೆ ಚಿತ್ರ ಹಾಗೇ ನಿಂತಿರುತ್ತದೆ, ಹಿಂದಿನ ಸಂಗೀತ ಮುಗಿದು ಮತ್ತೆ ಮೊದಲಿನಿಂದ ಬರುತ್ತದೆ.

ಹಿನ್ನೆಲೆ ಚಿತ್ರಗಳು ಸಾಫ್ಟ್‌ವೇರಿನವರೇ ಕೊಟ್ಟಿರುವಂಥವು. ಹಿಮದ ಬೆಟ್ಟ, ಬಲೂನು, ಸಮುದ್ರ ತೀರದಲ್ಲಿ ಬರಿಗಾಲಲ್ಲಿ ಓಡುವ ಬಿಳಿಯ ಜೋಡಿ, ಕಣ್ಣು ಬಾಯಿ ಕೊರೆದ ಕುಂಬಳಕಾಯಿ. ನಾನು ಹಿಮದ ಬೆಟ್ಟವನ್ನು ಹಾಕಿದೆ. ಡಿಸ್ಕ್ ಒಯ್ಯಲು ಬಂದವರು ನೋಡಿ, “ಊಟಿ ಇದ್ದಂಗೈತೆ” ಎಂದು ಸಂತೋಷಪಟ್ಟರು. ಮದುವೆ ನಡೆದದ್ದು ಕೊತ್ತಗೆರೆಯ ಸಮುದಾಯ ಭವನದಲ್ಲಿ.

ಮಾರ್ಚ್ 20, ಸೋಮವಾರ

ಗುಬ್ಬಿಯ ಜಯಪ್ರಕಾಶ್ ಬಂದಿದ್ದರು. ಅವರ ಮಗ ಚೈತನ್ಯನ ಮದುವೆ ಇವರು ಶೂಟ್ ಮಾಡಿದ ಕೊನೆಯ ಮದುವೆ. ಮೆನುವಿನಲ್ಲಿರುವ ಚಿತ್ರಗಳನ್ನೆಲ್ಲ ಒಂದೊಂದಾಗಿ ತೋರಿಸಿದೆ. ಕುಂಬಳಕಾಯಿಯ ಹತ್ತಿರ ಬಂದಾಗ ಕೈ ಅಡ್ಡ ಹಿಡಿದರು.

“ಮೇಡಂ, ಮದ್ವೆ ನಮ್ದು. ಪೋಟಾನೂ ನಮ್ದೇ ಇರ್ಲಿ.”

ಸ್ಟಿಲ್ ಫೋಟೋದವರು ತೆಗೆದ ಒಂದು ಗ್ರೂಪ್ ಫೋಟೋ ಕೊಟ್ಟು ಹೋದರು. ಮನೆಮಂದಿಯೆಲ್ಲ ಇದ್ದಾರೆ. ಗುಬ್ಬಿಯ ಅರ್ಧ ಜನವೂ ಇದ್ದಾರೆ.

ಮಾರ್ಚ್ 23, ಗುರುವಾರ

ಸ್ವಂತ ಫೋಟೋವನ್ನು ಮೆನುವಿಗೆ ಹಾಕುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಮೊದಲು ಹಾಕಿದಾಗ ಎಲ್ಲರೂ ಅಗಲವಾದರು. ಅಳತೆ ಸರಿ ಮಾಡಿದೆ, ಆಗ ಬಟನ್ನುಗಳು ಹೋಗಿ ಮುಖಗಳ ಮೇಲೆ ಕೂತವು. ‘ಬೀಗರೂಟ’ ಎಂಬುದು ನೇರವಾಗಿ ಬೀಗರ ಹಣೆಯ ಮೇಲೆಯೇ ಬಂತು. ಆ ಸಾಫ್ಟ್‌ವೇರಿಗೆ ಕನ್ನಡ ಬರುವುದಿಲ್ಲವಾದ್ದರಿಂದ ಅಕ್ಷರಗಳನ್ನು ಬೇರೆ ಕಡೆ ಟೈಪು ಮಾಡಿ, ಚಿತ್ರ ಮಾಡಿ ತಂದು ಅಂಟಿಸಿದೆ. ಕೊನೆಗೆ ಬಟನ್ನುಗಳನ್ನು ಎಲ್ಲರ ಕಾಲ ಬಳಿ ಸಾಲಾಗಿ ಇಟ್ಟೆ.

ಎಡಿಟಿಂಗೂ ಮುಗಿಯಿತು. ಮನೆಯವರೆಲ್ಲ ಮಂಟಪದಲ್ಲಿ ಸಾಲಾಗಿ ನಿಲ್ಲುವ ಒಂದು ತುಂಡಿನಲ್ಲಿ ಇವರು ಯಾರನ್ನೋ ಕರೆಯುತ್ತಲೇ ಇದ್ದಾರೆ, ಎಲ್ಲರೂ ಅಲುಗಾಡುತ್ತಲೇ ಇದ್ದಾರೆ. ಮಾತಿನ ನಡುವೆ ಕತ್ತರಿ ಆಡಿಸಲು ಜಾಗವೇ ಇರಲಿಲ್ಲ. ತುಂಡನ್ನು ಪೂರ್ತಿ ತೆಗೆದುಹಾಕಿದೆ.

ಇವರು ಟಿವಿಯಲ್ಲಿ ಹಾಕಿ ನೋಡದೆ ಯಾವ ಡಿಸ್ಕನ್ನೂ ಕೊಡುತ್ತಿರಲಿಲ್ಲ. ನಮ್ಮ ಟಿವಿಗೆ ಜನವರಿಯಲ್ಲೇ ಅತ್ತೆ ಟವೆಲ್ ಹೊದಿಸಿದ್ದಾರೆ, ಇನ್ನೂ ತೆಗೆದಿಲ್ಲ. ಕಂಪ್ಯೂಟರಿನಲ್ಲಿ ನೋಡಿದೆ. ಎಲ್ಲರೂ ಕಾಣುತ್ತಿದ್ದರು.

ಮಾರ್ಚ್ 30, ಗುರುವಾರ

ಯುಗಾದಿ. ಈ ವರ್ಷ ನಮಗೆ ಹಬ್ಬವಿಲ್ಲ. ಪಕ್ಕದ ಮನೆಯವರು ಒಬ್ಬಟ್ಟು ಕೊಟ್ಟರು, ಅತ್ತೆ ಮುಟ್ಟಲಿಲ್ಲ. ನಾನು ಎರಡು ತಿಂದೆ.

ಏಪ್ರಿಲ್ 4, ಮಂಗಳವಾರ

ಗುಬ್ಬಿಯ ಡಿವಿಡಿ ತಲುಪಿಸಿದೆ. ಮೂರನೆಯ ಮದುವೆಯನ್ನು ಶುರು ಮಾಡಿದೆ. ಅದೂ ಮುಗಿದರೆ ಶಿರಾ ಗೇಟಿನವರು ಬಂದು ಎಲ್ಲ ಒಯ್ಯುತ್ತಾರೆ.

ಒಂದು ಹೆಡ್‌ಫೋನ್ ತಂದೆ. ಅತ್ತೆ ದಿನಾ ಬಾಗಿಲಲ್ಲಿ ಮೊರ ಹಿಡಿದು ಕೂರುವುದು, ಗಿರಾಕಿಗಳು ಅವರನ್ನು ದಾಟಿಕೊಂಡು ಬರುವುದು ಸರಿ ಕಾಣುತ್ತಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡ ಮೇಲೆ ಶಬ್ದ ಹೊರಗೆ ಬರುವುದಿಲ್ಲ. ಅತ್ತೆ ಬಂದರು, ಸ್ವಲ್ಪ ಹೊತ್ತು ಕೂತರು, ಎದ್ದು ಹೋದರು. ಸ್ಟುಡಿಯೋ ಈಗ ಸ್ಟುಡಿಯೋದ ಹಾಗಿದೆ. ಅತ್ತೆ ರಾತ್ರಿ ಊಟ ಬೇಡವೆಂದರು, ಹೊಟ್ಟೆ ಭಾರವಂತೆ.

ಏಪ್ರಿಲ್ 8, ಶನಿವಾರ

ಜಯಪ್ರಕಾಶ್ ಫೋನ್ ಮಾಡಿದ್ದರು. “ಮೇಡಂ, ನಮ್ಮಕ್ಕ ಇಲ್ಲ” ಎಂದರು. ನಾನು ಬೇರೆಯೇ ತಿಳಿದುಕೊಂಡು, ಎಷ್ಟು ವಯಸ್ಸಾಗಿತ್ತು ಎಂದು ಕೇಳಿದೆ. “ಅಯ್ಯೋ, ಚೆನ್ನಾಗವ್ರೆ ಮೇಡಂ. ಡಿವಿಡಿಯಾಗೆ ಇಲ್ಲ. ಊಟ ಬುಟ್ಟವ್ರೆ. ಗೂಳೂರಿಗೆ ಹೋಗ್ತೀನಿ ಅಂತ ಬ್ಯಾಗ್ ಕಟ್ಟವ್ರೆ” ಎಂದರು.

ನಾಳೆ ಗುಬ್ಬಿಗೆ ಹೋಗಬೇಕು. ಫೋಟೋದಲ್ಲಿ ಎಲ್ಲರೂ ಇದ್ದರು, ನಾನೇ ನೋಡಿದ್ದೇನೆ.

ಏಪ್ರಿಲ್ 9, ಭಾನುವಾರ

ಬಸ್ಸು ಹೊರಟದ್ದೇ ತಡವಾಗಿ. ಹೋಗುವಷ್ಟರಲ್ಲಿ ಮನೆಯವರೆಲ್ಲ ಹಾಲಿನಲ್ಲಿ ಸೇರಿದ್ದರು. ನಾನು ಏನೋ ರಿಪೇರಿ ಮಾಡಲು ಬಂದವಳೆಂಬಂತೆ ದಾರಿ ಬಿಟ್ಟರು.

ಡಿಸ್ಕ್ ಹಾಕಿದರು. ಚಿತ್ರ ಬಂತು. ಟಿವಿ ಎಂಬುದು ಚಿತ್ರದ ನಾಲ್ಕೂ ಅಂಚನ್ನು ಅಷ್ಟಷ್ಟು ಚೌಕಟ್ಟಿನ ಹಿಂದೆ ನುಂಗಿಕೊಳ್ಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕಂಪ್ಯೂಟರು ಹಾಗೆ ಮಾಡುವುದಿಲ್ಲ. ಬಲಗಡೆಯ ಅಂಚಿನಲ್ಲಿ ಒಂದು ಕಂಬ ಹೋಗಿತ್ತು, ಅದಕ್ಕೆ ಯಾರ ತಕರಾರೂ ಇಲ್ಲ. ಎಡಗಡೆಯ ಅಂಚಿನಲ್ಲಿ ಜಯಪ್ರಕಾಶರ ಅಕ್ಕ ಚೆನ್ನಮ್ಮ ಹೋಗಿದ್ದರು. ಅವರ ಪೈಕಿ ಒಂದು ಮೊಣಕೈ ಮಾತ್ರ ಉಳಿದಿತ್ತು.

ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಅವನ ಊರು ಗೂಳೂರು ಬಿಟ್ಟು ತಮ್ಮನ ಮನೆಗೆ ಬಂದವರಂತೆ. ಚೈತನ್ಯನನ್ನು ಎತ್ತಿ ಆಡಿಸಿ ಬೆಳೆಸಿದ್ದು ಅವರೇ. ಮದುವೆಯ ಓಡಾಟದಲ್ಲಿ ಸೀರೆ ಕೊಡುವ ವಿಷಯಕ್ಕೆ ತಮ್ಮನಿಗೂ ಅವರಿಗೂ ಏನೋ ಮಾತು ಬಂದಿತ್ತು. ಈಗ ಈ ಮೊಣಕೈ. ತಮ್ಮನೇ ಹೇಳಿ ತೆಗೆಸಿದ್ದಾನೆ ಎಂದು ಅವರ ತೀರ್ಮಾನ.

ಹಿತ್ತಲಲ್ಲಿ ಅವರೊಬ್ಬರೇ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಪಕ್ಕದಲ್ಲಿ ಬ್ಯಾಗು. ನಾನು ಹೋಗಿ ಟಿವಿಯ ಅಂಚಿನ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

“ಟಿವಿಗೂ ಗೊತ್ತು ಬುಡವ್ವ, ಯಾರ್ನ ಬುಡ್ಬೇಕು ಅಂತ.”

“ನೀವು ಅಷ್ಟು ಅಂಚಲ್ಲಿ ಯಾಕೆ ನಿಂತ್ರಿ?”

“ಪೋಟ ಅಂದ್ರೆ ನಾನು ಬಾಗ್ಲ ಕಡೆಗೇ ನಿಲ್ಲೋದು. ಒಲೆ ಮ್ಯಾಲೆ ಏನಾರ ಇರ್ತದೆ.” ಮದುವೆ ಛತ್ರದಲ್ಲಿ ಅವರ ಒಲೆ ಎಲ್ಲಿತ್ತು ಎಂದು ನಾನು ಕೇಳಲಿಲ್ಲ.

ಆಮೇಲೆ ನನ್ನ ಹಣೆ ನೋಡಿ, “ಆ ವಿಡಿಯೋದ ಉಡುಗ ನಿನ್ನ ಗಂಡನಾ?” ಎಂದರು. ಹೌದೆಂದೆ. ಹುಣಸೆಹಣ್ಣು ಕೆಳಗಿಟ್ಟರು.

“ಅವ್ನು ನನ್ನ ಮಧ್ಯಕ್ಕೆ ಕರ್ದ ಕಣವ್ವ. ನಾನು ಬ್ಯಾಡ ಅಂದೆ. ಬುಡ್ಲಿಲ್ಲ. ಎಲ್ಲರ್ನೂ ಸರ್ಸಿ ಮದ್ಲಿಂಗನ ಪಕ್ಕ ನಿಲ್ಸುದ. ನನ್ನ ಜನ್ಮದಾಗೆ ಯಾರೂ ಅಂಗೆ ಕರ್ದಿರ್ಲಿಲ್ಲ. ಪೋಟ ಬುಡು, ಅದು ಬ್ಯಾರೆಯವ್ನು ತೆಗ್ದಿದ್ದು. ನಿನ್ನ ಗಂಡ ತೆಗ್ದಿದ್ದು ಎಲ್ಲೋಯ್ತು? ಸಿನಿಮಾ ಪೂರ್ತಿ ನೋಡ್ದೆ. ಅದಿಲ್ಲ.”

ನಾನು ಕತ್ತರಿಸಿದ್ದೆ. ಹಾಗೆಂದು ಅವರಿಗೆ ಹೇಳಿದೆ ಕೂಡ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು.

“ಟೇಪ್ ಇದೆ. ಅಳಿಸಿಲ್ಲ. ಅದು ಬರೋವರೆಗೆ ಗೂಳೂರಿಗೆ ಹೋಗ್ಬೇಡಿ” ಎಂದೆ. ಅವರು ಬ್ಯಾಗಿನ ಕಡೆ ನೋಡಿದರು. ನನ್ನ ಕೈಗೆ ಒಂದು ಮುಷ್ಟಿ ಹುಣಸೆಹಣ್ಣು ಕೊಟ್ಟರು. ಬಸ್ಸಿನಲ್ಲಿ ಕೂತು ಅಂಟಂಟು ಕೈಯಲ್ಲಿ ಟಿಕೆಟ್ ಹಿಡಿದುಕೊಂಡು ಬಂದೆ.

ಏಪ್ರಿಲ್ 10, ಸೋಮವಾರ

ಸಿಕ್ಕಿತು. ಇವರ ಮಾತನ್ನು ಇದ್ದ ಹಾಗೇ ಬರೆದಿಡುತ್ತೇನೆ.

“ಅಮ್ಮ… ಆ ಬಾಗ್ಲ ಕಡೆ ಅವ್ರಲ್ಲಾ, ಹಸಿರು ಸೀರೆ ಅಮ್ಮ. ಅಂಚಲ್ಲಿ ನಿಂತ್ರೆ ಟಿವಿ ನುಂಗ್ಬುಡ್ತದೆ. ಮಧ್ಯಕ್ಕೆ ಬನ್ನಿ. ಒಲೆ ಮೇಲೆ ಏನೂ ಇಲ್ಲ ಬನ್ನಿ, ಅಡುಗೆಯವ್ರು ಅವ್ರೆ. ಅಣ್ಣ, ನೀವು ಒಸಿ ಸರೀರಿ. ಇನ್ನೂ ಸರೀರಿ. ಹಾಂ… ಅಮ್ಮ, ಈ ಕಡೆ ನೋಡಿ. ನಗಿ. ಎಲ್ರೂ ನಗಿ.”

ನನಗೆ ತಿಳಿಯದೆ ಹೋದದ್ದು ಇವರಿಗೆ ತಿಳಿದಿತ್ತು. ಹೇಳಿಯೂ ಇದ್ದರು, ಅದನ್ನೇ ನಾನು ಕತ್ತರಿಸಿ ಎಸೆದಿದ್ದೆ. ಚೆನ್ನಮ್ಮನವರು ಸೆರಗು ಸರಿಮಾಡಿಕೊಳ್ಳುತ್ತಾ ಜನರ ನಡುವೆ ನುಸುಳಿ ಬಂದು ಚೈತನ್ಯನ ಪಕ್ಕ ನಿಲ್ಲುತ್ತಾರೆ. ಎಲ್ಲರೂ ಕ್ಯಾಮೆರಾದ ಕಡೆ ನೋಡಿ ನಗುತ್ತಾರೆ. ಅಂದರೆ, ಇವರ ಕಡೆ ನೋಡಿ.

ಹೆಡ್‌ಫೋನ್ ತೆಗೆದಿಟ್ಟೆ. ಅದು ಕಿವಿ ನೋಯಿಸುತ್ತದೆ, ಬಿಸಿಲಿಗೆ ಬೆವರು ಬೇರೆ. ಸ್ಪೀಕರಿನಲ್ಲಿ ಮತ್ತೆ ಹಾಕಿದೆ. ಅತ್ತೆ ಮೊರದ ಜೊತೆ ಬಂದು ಕೂತರು. ಈ ಸಲ ಬಾಗಿಲಲ್ಲಿ ಅಲ್ಲ, ಒಳಗೆ, ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ.

“ಇನ್ನೊಂದು ಕಿತ ಹಾಕವ್ವ” ಎಂದರು.

ಹಾಕಿದೆ. ನನಗೆ ಅಳು ಬಂತು. ಜನವರಿಯಲ್ಲಿ ನೆಂಟರೆಲ್ಲ ಅಳು ಅಳು ಎಂದು ಬೆನ್ನು ತಟ್ಟಿದಾಗ ಬಂದಿರಲಿಲ್ಲ. ಅತ್ತೆ ಅತ್ತ ತಿರುಗಿ ಅಕ್ಕಿ ಕೇರುತ್ತಿದ್ದರು. ಅಕ್ಕಿ ನೆಲಕ್ಕೆಲ್ಲ ಚೆಲ್ಲಿತ್ತು, ಇಬ್ಬರೂ ಕೂತು ಆರಿಸಿದೆವು.

ಇವತ್ತಿನ ಪುಟದ ಸಲಹೆ: ರಸ ಸೋರುವ ತೆಂಗಿನ ಮರದ ಗಾಯವನ್ನು ಕೆತ್ತಿ ಟಾರು ಬಳಿಯಿರಿ.

ಏಪ್ರಿಲ್ 17, ಸೋಮವಾರ

ಗುಬ್ಬಿಯವರಿಗೆ ಹೊಸ ಮೆನು ಸಿದ್ಧವಾಯಿತು. ಟೇಪಿನ ಆ ತುಂಡಿನಿಂದಲೇ ಎಲ್ಲರೂ ನಗುವ ಚಿತ್ರವನ್ನು ತೆಗೆದು ಹಿನ್ನೆಲೆಗೆ ಹಾಕಿದೆ. ಚಿತ್ರವನ್ನು ಸ್ವಲ್ಪ ಕುಗ್ಗಿಸಿ ಸುತ್ತ ಅರಿಶಿನ ಬಣ್ಣದ ಅಂಚು ಬಿಟ್ಟಿದ್ದೇನೆ. ಟಿವಿಗೆ ಹಸಿವಾದರೆ ಅದನ್ನು ತಿನ್ನಲಿ. ಸಂಗೀತದ ಜಾಗದಲ್ಲಿ, ಸಣ್ಣ ನಾದಸ್ವರದ ಮೇಲೆ, ಇವರ ಮಾತು. ಚೆನ್ನಮ್ಮನವರು ಹೇಗೆ ಮಧ್ಯಕ್ಕೆ ಬಂದರು ಎಂಬುದಕ್ಕೆ ಸಾಕ್ಷಿ ಬೇಕಲ್ಲ, ಅದಕ್ಕೆ. ಬೇರೆ ಕಾರಣವಿಲ್ಲ. ಕತ್ತರಿಸಿದ ತುಂಡನ್ನೂ ಅದರ ಜಾಗಕ್ಕೆ ಸೇರಿಸಿದೆ.

ಟಿವಿಯಲ್ಲಿ ನೋಡದೆ ಕೊಡುವ ಹಾಗಿರಲಿಲ್ಲ. ಅತ್ತೆಯನ್ನು ಕೇಳೋಣವೆಂದು ಹೋದರೆ ಟವೆಲ್ ಆಗಲೇ ಒಗೆದು ತಂತಿಯ ಮೇಲಿತ್ತು. ಡಿಸ್ಕ್ ಹಾಕಿದೆ. ಮೆನು ಬಂತು, ಇವರ ಮಾತು ಬಂತು, ಮುಗಿಯಿತು, ಮತ್ತೆ ಬಂತು. ಬಟನ್ನುಗಳು ನೇರವಾಗಿವೆಯೇ ಎಂದು ನೋಡುತ್ತಾ ಕೂತೆ. ಅತ್ತೆಗೆ ರಿಮೋಟಿನ ವಿಷಯ ತಿಳಿಯದು, ಅವರೂ ಕೂತರು. ಸಾಯಂಕಾಲ ಕರೆಂಟ್ ಹೋಗುವವರೆಗೆ ಯಾರೂ ಏನೂ ಒತ್ತಲಿಲ್ಲ. ಬಟನ್ನುಗಳು ನೇರವಾಗಿಯೇ ಇವೆ.

ಏಪ್ರಿಲ್ 21, ಶುಕ್ರವಾರ

ಜಯಪ್ರಕಾಶ್ ಬಂದು ಡಿಸ್ಕ್ ಒಯ್ದಿದ್ದರು. ಇವತ್ತು ಫೋನ್. ಮೊದಲು, “ಮೇಡಂ, ಅದರಲ್ಲಿ ವಿಡಿಯೋದವ್ರ ವಾಯ್ಸ್ ಬಂದೈತೆ, ತೆಗೀಬೇಕು” ಎಂದರು. ತೆಗೆಯುತ್ತೇನೆ ಎನ್ನುವಷ್ಟರಲ್ಲಿ ಆ ಕಡೆ ಗಲಾಟೆಯಾಯಿತು, ಫೋನು ಚೆನ್ನಮ್ಮನವರ ಕೈಗೆ ಹೋಯಿತು.

“ಅವ್ನ ಮಾತು ಕೇಳ್ಬ್ಯಾಡ ಕಣವ್ವ. ತೆಗ್ದುಗಿಗ್ದೀಯ ಮತ್ತೆ. ನಾನು ದಿನಾ ಅಡುಗೆ ಮಾಡ್ತಾ ಹಾಕ್ಕೊಂತೀನಿ.”

“ಗೂಳೂರಿಗೆ ಹೋಗ್ಲಿಲ್ವಾ?”

“ಹೋದ್ರೆ ಟಿವಿ ಯಾರ್ ನೋಡ್ತಾರೆ? ಅದಿರ್ಲಿ. ಮುಂದಿನ ತಿಂಗ್ಳು ಕುಣಿಗಲ್‌ನಾಗೆ ನನ್ ತಂಗಿ ಮಗ್ಳ ಮದ್ವೆ. ಏಳನೇ ತಾರೀಖು. ವಿಡಿಯೋಗೆ ನೀನೇ ಬಾ.”

ನಾನು ಬರುವ ಹಾಗಿಲ್ಲವೆಂದೆ.

“ಒಲೆ ಮ್ಯಾಲೆ ಏನಾರ ಐತಾ?” ಎಂದು ಕೇಳಿ ಫೋನ್ ಇಟ್ಟರು.

ಏಪ್ರಿಲ್ 28, ಶುಕ್ರವಾರ

ಮೂರನೆಯ ಮದುವೆಯೂ ನಿನ್ನೆ ಮುಗಿಯಿತು. ಹೇಳಿದ ಮಾತಿನಂತೆ ಇವತ್ತು ರಂಗರಾಜು ಶಿರಾ ಗೇಟಿನವರನ್ನು ಕರೆದುಕೊಂಡು ಬಂದ. ಅವರು ಕಂಪ್ಯೂಟರು ನೋಡಿದರು, ಲೈಟುಗಳನ್ನು ಹಚ್ಚಿ ನೋಡಿದರು. ಕ್ಯಾಮೆರಾ ಕೇಳಿದರು. ಬೀರುವಿನಲ್ಲಿ ಕ್ಯಾಮೆರಾ ಇರಲಿಲ್ಲ. ನಾನು, ರಂಗರಾಜು ಇಬ್ಬರೂ ಮನೆಯೆಲ್ಲ ಹುಡುಕಿದೆವು.

“ಅವ್ವ, ಅಣ್ಣನ ಕ್ಯಾಮ್ರಾ ನೋಡಿದ್ಯಾ?”

“ರಾಗಿ ಡ್ರಮ್ಮಿನಾಗೈತೆ” ಎಂದರು ಅತ್ತೆ.

“ಅಲ್ಲಿ ಯಾಕಿಟ್ಟೆ?”

“ಏಳನೇ ತಾರೀಖು ಕೆಲ್ಸ ಐತೆ ಅದಕ್ಕೆ. ಗುಬ್ಬಿ ಆಯಮ್ಮ ಪೋನ್ ಮಾಡಿದ್ಲು, ಇವ್ಳು ಬರ್ತಾಳೆ ಅಂತ ನಾನೇ ಅಂದೆ.”

ರಂಗರಾಜು ನನ್ನ ಮುಖ ನೋಡಿದ. “ಅತ್ತಿಗೆ, ಜನ ಏನಂತಾರೆ ಗೊತ್ತಲ್ಲ?”

“ಗೊತ್ತು” ಎಂದೆ. ನನಗೂ ಅದೇ ಭಯವಿದೆ. ಶುಭಕಾರ್ಯದ ಮನೆಯಲ್ಲಿ ಒಬ್ಬರು ಮುಖ ತಿರುಗಿಸಿದರೂ ನನಗೆ ತಡೆಯುವುದಿಲ್ಲ. ಆದರೆ ಅತ್ತೆ ಮಾತು ಕೊಟ್ಟಾಗಿತ್ತು. ಶಿರಾ ಗೇಟಿನವರಿಗೆ ಏಳನೇ ತಾರೀಖು ಕಳೆಯಲಿ ಎಂದೆ. ಕ್ಯಾಮೆರಾವನ್ನು ತೆಗೆದು ಒರೆಸಿದೆ. ಲೆನ್ಸಿನ ಸಂದಿಯಲ್ಲಿ ರಾಗಿ ಕಾಳು ಇತ್ತು.

ಮೇ 6, ಶನಿವಾರ

ನಾಳೆ ಕುಣಿಗಲ್. ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ. ತುಂಬಿತೇ ಎಂದು ನಾಲ್ಕು ಸಲ ಎದ್ದು ನೋಡಿದೆ.

ಮೇ 8, ಸೋಮವಾರ

ನಿನ್ನೆ ಬರೆಯಲು ತ್ರಾಣವಿರಲಿಲ್ಲ. ಕ್ಯಾಮೆರಾ ಇಷ್ಟು ಭಾರವೆಂದು ಇವರು ಒಂದು ದಿನವೂ ಹೇಳಿರಲಿಲ್ಲ. ಭುಜಕ್ಕೆ ಅತ್ತೆ ಎಣ್ಣೆ ಹಚ್ಚಿದರು.

ಛತ್ರದಲ್ಲಿ ಮೊದಲಿಗೆ ಯಾರೂ ಏನೂ ಅನ್ನಲಿಲ್ಲ. ಧಾರೆಯ ಹೊತ್ತಿಗೆ ಮುಂದೆ ಹೋದಾಗ ಹಿರಿಯರೊಬ್ಬರು, ನನಗೆ ಕೇಳಿಸಲಿ ಎಂದೇ, “ಆಯಮ್ಮ ಯಾಕೆ ಮುಂದೆ ನಿಂತವ್ಳೆ?” ಎಂದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ, ಅಷ್ಟು ಹೊತ್ತಿನ ಚಿತ್ರ ಅಲ್ಲಾಡಿದೆ. ಪಕ್ಕದಲ್ಲೇ ಚೆನ್ನಮ್ಮ ಇದ್ದರು.

“ಅವ್ಳು ಕ್ಯಾಮ್ರಾ ಹಿಂದೆ ಅವ್ಳೆ ಕಣೋ, ಮುಂದಲ್ಲ. ನೀನು ಅಕ್ಷತೆ ಹಾಕು” ಎಂದರು. ಅವರು ಹಾಕಿದರು. ಚೆನ್ನಮ್ಮ ಮುಹೂರ್ತ ಮುಗಿಯುವ ತನಕ ನನ್ನ ಪಕ್ಕದಿಂದ ಅಲುಗಲಿಲ್ಲ. ಲೈಟಿನ ವೈರಿಗೆ ಎರಡು ಸಲ ಎಡವಿದರು.

ಕುಣಿಗಲ್‌ನ ಇನ್ನೊಂದು ಮನೆಯವರು ಜೂನ್ ತಿಂಗಳಿಗೆ ಬರುತ್ತೀರಾ ಎಂದು ಕೇಳಿದರು, ಹೂಂ ಎಂದುಬಿಟ್ಟಿದ್ದೇನೆ. ಶಿರಾ ಗೇಟಿನವರಿಗೆ ಇನ್ನಷ್ಟು ದಿನ ಕಾಯಲು ರಂಗರಾಜುವೇ ಹೇಳಬೇಕು.

ಇವತ್ತು ಟೇಪು ಹಾಕಿ ನೋಡಿದೆ. ಮನೆಯವರೆಲ್ಲ ನಿಲ್ಲುವ ಜಾಗದಲ್ಲಿ ಯಾರೋ ಹೆಂಗಸು ಗಟ್ಟಿಯಾಗಿ ಕೂಗುತ್ತಿದ್ದಾಳೆ: “ಅಮ್ಮ, ಅಂಚಲ್ಲಿ ನಿಂತ್ರೆ ಟಿವಿ ನುಂಗ್ಬುಡ್ತದೆ, ಮಧ್ಯಕ್ಕೆ ಬನ್ನಿ. ಅಣ್ಣ, ಒಸಿ ಸರೀರಿ. ನಗಿ. ಅದಕ್ಕೇನು ಟ್ಯಾಕ್ಸ್ ಇಲ್ಲ.” ಯಾರು ಇಷ್ಟು ಗಂಟಲು ಮಾಡುತ್ತಿರುವುದು ಎಂದು ಒಂದು ಕ್ಷಣ ಸಿಟ್ಟು ಬಂತು. ಆಮೇಲೆ ನೋಡಿದರೆ ನಾನೇ. ಹಾಗೆಲ್ಲ ಕೂಗಿದ್ದು ನನಗೆ ನೆನಪೇ ಇಲ್ಲ.

ವಿಡಿಯೋದವರ ಧ್ವನಿ ಇರಬಾರದು. ಕತ್ತರಿಸಲು ಗುರುತು ಹಾಕಿದೆ.

ಅಷ್ಟರಲ್ಲಿ ಅತ್ತೆ ಮೊರ ತಂದು ಪಕ್ಕದಲ್ಲಿ ಕೂತರು. ಮೊರದಲ್ಲಿ ಅಕ್ಕಿ ಇರಲಿಲ್ಲ, ಏನೂ ಇರಲಿಲ್ಲ. “ಇನ್ನೊಂದು ಕಿತ ಹಾಕವ್ವ” ಎಂದರು.

ಗುರುತು ತೆಗೆದು, ಟೇಪು ಹಾಕಿದೆ.